ಬೇಕರಿ ದ್ವೀಪ ಮಂಜೂರಾದದ್ದು

ಗೊತ್ತಿಲ್ಲ ಅನ್ನುವುದು ಬಹಳ ಸುಲಭದ ಮಾತು. ಗೊತ್ತಿಲ್ಲದವರು ಯಾರು ಬೇಕಾದರೂ ಆಡಬಹುದು. ಆದರೆ ಹನ್ನೊಂದು ವರ್ಷದಿಂದ ಹಂಗಾಮಿ ನೌಕರನಾಗಿರುವವನು ಮೇಲಧಿಕಾರಿಯ ಮುಂದೆ ನಿಂತಾಗ ಮಾತ್ರ ಅದು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ನಕ್ಷಪ್ಪನಿಗೆ ಆದದ್ದು ಅದೇ. ಆ ದಿನ ಆ ಒಂದು ಮಾತನ್ನು ಆಚೆಗೆ ಹಾಕಿಬಿಟ್ಟಿದ್ದರೆ ಒಂದು ಗಲ್ಲಿಯ ನೆಮ್ಮದಿ ಉಳಿಯುತ್ತಿತ್ತು, ಅವನ ಬಾಯಲ್ಲಿ ಒಂದು ಒಳ್ಳೆಯ ದವಡೆಹಲ್ಲೂ ಉಳಿಯುತ್ತಿತ್ತು.

ನಕ್ಷಪ್ಪ ಅವನ ನಿಜವಾದ ಹೆಸರಲ್ಲ. ಅಪ್ಪ ಅಮ್ಮ ಚೆಂದದ ಹೆಸರನ್ನೇ ಇಟ್ಟಿದ್ದರು ಪಾಪ, ಅದು ಸಂಬಳದ ದಿನ ಬಿಟ್ಟರೆ ಬಳಕೆಗೆ ಬರುತ್ತಿರಲಿಲ್ಲ. ನಗರ ಯೋಜನೆಯ ಕಚೇರಿಯಲ್ಲಿ ಹಳೆಯ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಕೆಳಗಿನ ಗೆರೆಯನ್ನು ಮೇಲೆ ತಿದ್ದುವುದು ಅವನ ಕೆಲಸ. ಆ ಗೆರೆ ರಸ್ತೆಯೋ, ಚರಂಡಿಯೋ, ಯಾರದಾದರೂ ಮನೆಯ ನಡುಗೋಡೆಯೋ ಅಂತ ಅವನು ಕೇಳಿದವನಲ್ಲ. ಕೆಳಗೆ ಗೆರೆ ಇದ್ದರೆ ಮೇಲೂ ಗೆರೆ, ಅಷ್ಟೇ. ಗಲ್ಲಿಯವರು ನಕ್ಷಪ್ಪ ಅಂದರು, ಕೋಪ ಬಂದಾಗ ಹೆಂಡತಿಯೂ ಹಾಗೇ ಅಂದಳು, ಹೆಸರು ನಿಂತುಬಿಟ್ಟಿತು.

ಆ ಮಂಗಳವಾರ ಅವನು ಹಾಳೆಗಳ ಸುರುಳಿ ಹಿಡಿದು ಹೊಸ ದೊಡ್ಡ ಸಾಹೇಬರ ಕೋಣೆಗೆ ಹೋದಾಗ ಮೇಜಿನ ಮೇಲೆ ದೊಡ್ಡ ಪೆಟ್ಟಿಗೆಯೊಂದು ಬಾಯಿ ತೆರೆದುಕೊಂಡು ಕೂತಿತ್ತು. ಪಕ್ಕದಲ್ಲಿ ಹಾಸಿದ ಹಲಗೆ. ಅದರ ಮೇಲೆ ನೀಲಿ ಸಮುದ್ರ, ಹಸಿರು ದ್ವೀಪಗಳು, ಬೆರಳಿನ ಉಗುರಿನಷ್ಟು ಹಡಗುಗಳು. ಪೆಟ್ಟಿಗೆಯ ಅಡಿಯಿಂದ ಒಂದು ಫೈಲಿನ ಮೂಲೆ ಇಣುಕುತ್ತಿತ್ತು. ಅದರ ಮೇಲಿನ ಚಹಾದ ಕಲೆ ನೋಡಿದ್ದೇ ನಕ್ಷಪ್ಪನಿಗೆ ಗುರುತು ಸಿಕ್ಕಿತು. ಅದು ಅವನನ್ನು ಖಾಯಂ ಮಾಡುವ ಫೈಲು. ಕಲೆ ಹಿಂದಿನ ಸಾಹೇಬರ ಹಿಂದಿನ ಸಾಹೇಬರದು.

ಸಾಹೇಬರು ಹೆಡ್ ಗುಮಾಸ್ತರಿಗೆ ಪಾಠ ಮಾಡುತ್ತಿದ್ದರು. "ಇದು ಮಕ್ಕಳಾಟ ಅಲ್ಲ ಕಣ್ರೀ. ಸ್ಪೇನು, ಪೋರ್ಚುಗಲ್ಲು, ಫ್ರಾನ್ಸು, ಇಂಗ್ಲೆಂಡು, ಇನ್ನೂ ಇದ್ದಾರೆ. ಎಲ್ಲರೂ ಹಡಗು ಹತ್ತಿ ಹೋಗಿ ದೂರದ ದ್ವೀಪಗಳನ್ನ ಹಂಚಿಕೊಳ್ತಾರೆ. ಸಕ್ಕರೆ, ತಂಬಾಕು, ಬಂದರು, ಕೋಟೆ. ಒಬ್ಬರ ಕಾಲು ಒಬ್ಬರು ಎಳೀಬೇಕು. ಒಪ್ಪಂದ ಮಾಡ್ಕೋಬೇಕು, ಸಮಯ ನೋಡಿ ಮುರೀಬೇಕು. ಭಾನುವಾರ ನನ್ನ ಮನೇಲಿ ಆಡೋಣ, ಬರ್ತೀರಾ?"

"ನನಗೆ ಬೆನ್ನುನೋವು ಸಾರ್, ಬಹಳ ಹೊತ್ತು ಕೂರಕ್ಕಾಗಲ್ಲ" ಎಂದರು ಹೆಡ್ ಗುಮಾಸ್ತರು. ಅವರು ಕಚೇರಿಯಲ್ಲಿ ದಿನವಿಡೀ ಕೂತೇ ಇರುತ್ತಿದ್ದರು ಅನ್ನುವುದು ಬೇರೆ ಮಾತು.

ಸಾಹೇಬರ ಮುಖ ಸಪ್ಪಗಾಯಿತು. ಆಮೇಲೆ ಆ ಸಪ್ಪೆ ಮುಖ ನಕ್ಷಪ್ಪನ ಕಡೆ ತಿರುಗಿತು. "ನಿನಗೆ ಬರುತ್ತೇನಯ್ಯಾ ಈ ಆಟ?"

ನಕ್ಷಪ್ಪ ಫೈಲಿನ ಮೂಲೆ ನೋಡುತ್ತಿದ್ದ. ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. "ಬರುತ್ತೆ ಸಾರ್. ಚಿಕ್ಕಂದಿನಿಂದ."

"ಹೌದಾ! ಯಾವ ದೇಶ ಹಿಡೀತೀಯ?"

ಸಾಹೇಬರು ಹೇಳಿದ ನಾಲ್ಕರಲ್ಲಿ ಯಾವುದನ್ನು ಹಿಡಿದರೂ ಅದು ಸಾಹೇಬರದೇ ಆಗಿದ್ದರೆ ಏನು ಗತಿ? ನಕ್ಷಪ್ಪ ಅವರು ಹೇಳದೆ ಬಿಟ್ಟ ದೇಶವೊಂದನ್ನು ತಡಕಾಡಿ ಹುಡುಕಿದ. "ಹಾಲೆಂಡು ಸಾರ್."

"ಹಾಲೆಂಡು!" ಸಾಹೇಬರು ಎದ್ದೇ ನಿಂತರು. "ಹಾಲೆಂಡ್ ಹಿಡಿಯೋನಿಗೆ ಎಂಟೆದೆ ಬೇಕು ಕಣಯ್ಯಾ. ಭಾನುವಾರ ಬೆಳಿಗ್ಗೆ ಮನೆಗೆ ಬಾ. ನಿನ್ನ ಫೈಲೂ ಅಲ್ಲೇ ನೋಡೋಣ. ಆಟದಲ್ಲಿ ಕೂತಾಗ ಮನುಷ್ಯನ ಯೋಗ್ಯತೆ ಗೊತ್ತಾಗಿಬಿಡುತ್ತೆ."

ಯೋಗ್ಯತೆ ಗೊತ್ತಾಗಿಬಿಡುತ್ತದೆ ಅನ್ನುವುದೇ ಭಯ. ನಕ್ಷಪ್ಪ ಹೊರಗೆ ಬಂದು ಲೆಕ್ಕ ಹಾಕಿದ. ಆಡಲು ಬರದಿದ್ದರೆ ಸುಳ್ಳುಗಾರ, ಸುಳ್ಳುಗಾರನ ಫೈಲಿಗೆ ಇನ್ನೊಂದು ಚಹಾದ ಕಲೆ, ಇನ್ನೊಂದು ಹನ್ನೊಂದು ವರ್ಷ. ಅವನಿಗೆ ಬರುತ್ತಿದ್ದ ವಿದ್ಯೆ ಲೋಕದಲ್ಲಿ ಒಂದೇ. ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋದಾಗ ಒಳಗೆ ನುಗ್ಗಿ, ಆಟದ ಹಲಗೆಯ ಮೇಲೆ ತೆಳು ಹಾಳೆ ಹಾಸಿ, ದ್ವೀಪ ದ್ವೀಪವನ್ನೂ ತಿದ್ದಿಕೊಂಡ. ನಿಯಮದ ಪುಸ್ತಕವನ್ನು ತಿರುವಿ ನೋಡಿದ್ದರಲ್ಲಿ ತಲೆಗೆ ಹತ್ತಿದ್ದು ಮುಕ್ಕಾಲು ಪುಟ. ಅದಿರಲಿ. ತಿದ್ದಿ ಮುಗಿಯುವ ಹೊತ್ತಿಗೆ ಅಭ್ಯಾಸಬಲದಿಂದ ಕೈ ಇನ್ನೂ ಮೂರು ಕೆಲಸ ಮಾಡಿಬಿಟ್ಟಿತ್ತು. ಸುತ್ತ ಚೌಕಟ್ಟು ಎಳೆದಿತ್ತು, ಮೇಲೆ ಉತ್ತರ ದಿಕ್ಕಿನ ಬಾಣ ಹಾಕಿತ್ತು, ಬಲಗಡೆ ಕೆಳಮೂಲೆಯಲ್ಲಿ ಕಚೇರಿಯ ಚೌಕ ಬರೆದು ಅದರೊಳಗೆ ದುಂಡಗೆ "ಪ್ರಸ್ತಾವಿತ ಯೋಜನೆ" ಎಂದು ಬರೆದು ಚುಟುಕು ಸಹಿಯನ್ನೂ ಹಾಕಿತ್ತು. ಆ ಕೈಗೆ ತಲೆಯ ಅಪ್ಪಣೆ ಯಾವತ್ತೂ ಬೇಕಿರಲಿಲ್ಲ.

ಮನೆ ಅಂದರೆ ಗಲ್ಲಿಯ ಮೇಲೆ ಮೊದಲ ಮಹಡಿಯ ಎರಡು ಕೋಣೆ. ಅದರಲ್ಲಿ ನಕ್ಷಪ್ಪ, ಹೆಂಡತಿ, ಮತ್ತು ಮಂಡಿನೋವು ತೋರಿಸಿಕೊಂಡು ನಾಲ್ಕು ದಿನ ಇದ್ದು ಹೋಗುತ್ತೇನೆಂದು ಹೋದ ವರ್ಷ ಬಂದ ಸೋದರತ್ತೆ. ಬಂದ ವಾರ ಕಿಟಕಿ ಪಕ್ಕದ ಮಂಚ ಆಕೆಯದಾಯಿತು. ಆಮೇಲೆ ರೇಡಿಯೋ. ಈಗ ಅಡುಗೆಮನೆಯ ಮೇಲಿನ ಶೆಲ್ಫಿನವರೆಗೂ ಆಕೆಯ ಡಬ್ಬಿಗಳು ಬಂದು ನಿಂತಿದ್ದವು.

ನಕ್ಷಪ್ಪ ಹಾಳೆ ಹಾಸಿ, ತನ್ನ ಸಂಕಟ ಹೇಳಿಕೊಂಡ. "ಭಾನುವಾರದೊಳಗೆ ನನಗೆ ಇದು ಬರಲೇಬೇಕು. ಅತ್ತೆ, ನೀನು ಸ್ಪೇನು. ನೀನು ಕಣೇ, ಇಂಗ್ಲೆಂಡು."

"ಅಲ್ಲಿ ದಿನಾ ನೀರು ಬರುತ್ತೇನ್ರಿ?" ಎಂದಳು ಹೆಂಡತಿ.

ಅತ್ತೆ ಕನ್ನಡಕ ಏರಿಸಿ ಹಾಳೆಯ ಮೇಲೆ ಬಗ್ಗಿದಳು. "ಇವೇನೋ ಈ ಹೆಸರುಗಳು? ನನ್ನ ನಾಲಿಗೆ ಮೇಲೆ ಹೊರಳಲ್ಲ. ನನಗೆ ಗೊತ್ತಿರೋ ಹೆಸರು ಹಾಕು, ಆಡ್ತೀನಿ."

ಅತ್ತೆಗೆ ಗೊತ್ತಿದ್ದದ್ದು ಕಿಟಕಿಯಿಂದ ಕಾಣುವ ಗಲ್ಲಿ. ಸಕ್ಕರೆ ಬೆಳೆಯುವ, ಎಲ್ಲರ ಕಣ್ಣೂ ಬೀಳುವ ಉದ್ದನೆಯ ದ್ವೀಪ ಮೂಲೆಯ ಬೇಕರಿಯಾಯಿತು. ಕಿರಿದಾದ ಬಾಯಿಯ ಬಂದರು ಎದುರುಮನೆಯ ಹಲ್ಲಿನ ಡಾಕ್ಟರ ಗೇಟಾಯಿತು. ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಚಿಕ್ಕ ದ್ವೀಪಗಳು ಕೆಳಮನೆಯ ಪೆನ್ಷನ್ ಮೇಷ್ಟ್ರ ಹೂಕುಂಡಗಳಾದವು. ನಕ್ಷಪ್ಪ ಎಲ್ಲವನ್ನೂ ಕಚೇರಿಯ ದುಂಡಕ್ಷರದಲ್ಲಿ ಹಾಳೆಯ ಮೇಲೆ ಬರೆದ. ಹಡಗುಗಳ ಬದಲಿಗೆ ಅತ್ತೆಯ ಡಬ್ಬಿಯಿಂದ ಬಣ್ಣಬಣ್ಣದ ಗುಂಡಿಗಳು ಬಂದವು.

ಅತ್ತೆ ಆಡಿದಳು ನೋಡಿ! ನಿಯಮ ಅಂದರೆ ಅವಳಿಗೆ ಎದುರಾಳಿಯ ಕೆಮ್ಮು ಇದ್ದ ಹಾಗೆ. ಮುಗಿಯುವ ತನಕ ಕಾದು ತನ್ನ ಕೆಲಸ ಮುಂದುವರಿಸುತ್ತಿದ್ದಳು. ಡಾಕ್ಟರ ಗೇಟನ್ನು ಮುಟ್ಟುವುದಿಲ್ಲ ಎಂದು ನಕ್ಷಪ್ಪನಿಗೆ ಮಾತು ಕೊಟ್ಟಳು, ಮರುಸರದಿಯಲ್ಲಿ ಕೆಂಪು ಗುಂಡಿ ತಂದು ಅಲ್ಲೇ ಇಟ್ಟಳು.

"ಮಾತು ಕೊಟ್ಟಿದ್ದೆಯಲ್ಲ ಅತ್ತೆ!"

"ಕೊಟ್ಟಿದ್ದೆ. ಈಗ ವಾಪಸ್ ತಗೊಂಡೆ. ನೋಡು, ಕೈಯಲ್ಲಿರೋದನ್ನ ಯಾರಾದ್ರೂ ಕೇಳಿದ ಕೂಡ್ಲೇ ಬಿಡಬಾರದು. ಮುಷ್ಟಿ ಬಿಗಿಯಾಗಿರೋ ತನಕಾನೇ ಬೆಲೆ."

ಕೆಳಮನೆಯ ಪೆನ್ಷನ್ ಮೇಷ್ಟ್ರು ತಾವು ಎರವಲು ಪಡೆದಿದ್ದ ಕೊಡೆಯನ್ನು ಹಿಂದಿರುಗಿಸಲು ಮೆಟ್ಟಿಲು ಹತ್ತಿ ಬಂದದ್ದು ಅದೇ ಹೊತ್ತಿಗೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಅತ್ತೆಯ ಕಂಚಿನ ಕಂಠ ಕೇಳಿಸಿತು. "ಭಾನುವಾರದೊಳಗೆ ಬೇಕರಿ ನನ್ನ ಕೈಗೆ ಬರಬೇಕು! ಆ ಮೇಷ್ಟ್ರದ್ದು ಪೂರ್ತಿ ಖಾಲಿ ಮಾಡ್ಸು. ಅವರ ಪರವಾಗಿ ಕೇಳೋರು ಯಾರಿದ್ದಾರೆ?"

"ಮಾಡಿಸ್ತೀನಿ ಅತ್ತೆ, ಮೊದಲು ಡಾಕ್ಟರ ಗೇಟು ತೆಗೀಬೇಕು" ಎಂದಿತು ನಕ್ಷಪ್ಪನ ಸೋತ ದನಿ.

ಮೇಷ್ಟ್ರು ಬಾಗಿಲ ಸಂದಿಯಿಂದ ಕತ್ತು ಚಾಚಿದರು. ನೆಲದ ಮೇಲೆ ಸರ್ಕಾರಿ ಚೌಕಟ್ಟಿನ ನಕ್ಷೆ. ಅದರಲ್ಲಿ ಬೇಕರಿ, ಡಾಕ್ಟರು, ಅವರದೇ ಹೂಕುಂಡಗಳು, ಎಲ್ಲದರ ಮೇಲೂ ಬಣ್ಣದ ಗುಂಡಿ. ಮೂಲೆಯಲ್ಲಿ "ಪ್ರಸ್ತಾವಿತ ಯೋಜನೆ". ಮೇಷ್ಟ್ರು ಉಸಿರು ಬಿಗಿಹಿಡಿದು ಹಿಂದೆ ಸರಿದರು, ಕೊಡಲು ತಂದ ಕೊಡೆಯನ್ನು ವಾಪಸ್ಸು ತೆಗೆದುಕೊಂಡೇ ಮೆಟ್ಟಿಲಿಳಿದರು.

ಬುಧವಾರ ಬೆಳಿಗ್ಗೆ ನಕ್ಷಪ್ಪ ಬಾಗಿಲು ತೆರೆದರೆ ಬೇಕರಿಯವರು ಕೇಕಿನ ಪೆಟ್ಟಿಗೆ ಹಿಡಿದು ನಿಂತಿದ್ದರು. ನಿದ್ದೆಯಿಲ್ಲದ ಕಣ್ಣು ಕೆಂಪಗಿತ್ತು.

"ಎಲ್ಲ ಗೊತ್ತಾಯ್ತು ನಕ್ಷಪ್ಪನೋರೇ" ಎಂದರು.

ಹೆಂಡತಿ ಬಾಯಿ ಬಿಟ್ಟಿದ್ದಾಳೆ, ಖಾಯಂ ಆಗುವ ಸುದ್ದಿ ಗಲ್ಲಿಗೆ ಹಬ್ಬಿದೆ ಎಂದುಕೊಂಡ ನಕ್ಷಪ್ಪ. ನಾಚಿಕೆಯಿಂದ ಕತ್ತು ಬಗ್ಗಿಸಿದ. "ಇನ್ನೂ ಆಗಿಲ್ಲ ಬಿಡಿ. ಸಾಹೇಬರ ಸಹಿ ಬೀಳಬೇಕು. ಭಾನುವಾರ ಅವರ ಮನೇಲಿ ತೀರ್ಮಾನ."

"ಭಾನುವಾರಾನೇ! ತಪ್ಪಿಸೋಕೆ ದಾರಿಯಿಲ್ವಾ?"

"ಯಾಕ್ರೀ ತಪ್ಪಿಸ್ಬೇಕು? ಇದಕ್ಕೇ ಅಲ್ವಾ ನಾನು ಹನ್ನೊಂದು ವರ್ಷದಿಂದ ಬಾಯಿ ಬಾಯಿ ಬಿಡ್ತಾ ಕಾಯ್ತಿರೋದು!"

ಬೇಕರಿಯವರು ಕೇಕಿನ ಪೆಟ್ಟಿಗೆಯನ್ನು ತಮ್ಮ ಕಡೆಗೇ ಎಳೆದುಕೊಂಡರು. "ಹನ್ನೊಂದು ವರ್ಷದಿಂದ? ದಿನಾ ನನ್ನ ಅಂಗಡೀಲಿ ಬನ್ನು ತಗೊಳ್ತಾ ಇದ್ದುಕೊಂಡೇ?"

"ಬನ್ನಿಗೂ ಇದಕ್ಕೂ ಏನ್ರೀ ಸಂಬಂಧ" ಎಂದು ನಕ್ಷಪ್ಪ ನಕ್ಕ. ಬೇಕರಿಯವರು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದರು. ಅವರು ಆಚೀಚೆ ನೋಡಿ ಪಿಸುಗುಟ್ಟಿದರು. "ಒಂದು ಮಾತು. ಡಾಕ್ಟರ ಅಂಗಳ ಬಹಳ ಅಗಲ ಇದೆ. ಸ್ವಲ್ಪ ಆ ಕಡೆ ಮನಸ್ಸು ಮಾಡಿ." ನಕ್ಷಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಕೇಕು ತಂದವರ ಮಾತಿಗೆ ಎದುರಾಡಬಾರದೆಂದು, "ಹೌದು, ಅಗಲವಾಗೇ ಇದೆ" ಎಂದ.

ಗುರುವಾರ ಸಂಜೆ ಹಲ್ಲಿನ ಡಾಕ್ಟರು ಗೇಟಿನಲ್ಲೇ ಹಿಡಿದರು. "ಬನ್ನಿ ಬನ್ನಿ, ಹಲ್ಲು ತೋರಿಸಿ ಎಷ್ಟು ಕಾಲ ಆಯ್ತು!"

"ನೋವೇನಿಲ್ಲ ಡಾಕ್ಟ್ರೇ."

"ನೋವಿರೋರನ್ನ ನೋಡೋದು ಕೆಲಸ ಕಣ್ರೀ. ನೋವಿಲ್ಲದೋರನ್ನ ನೋಡೋದು ಪ್ರೀತಿ."

ಪ್ರೀತಿ ಅವನನ್ನು ಕುರ್ಚಿಗೆ ಒರಗಿಸಿ, ಬಾಯಿ ತೆರೆಸಿ, ಎರಡು ಉಕ್ಕಿನ ಸಾಮಾನು ತುರುಕಿತು. ದೀಪ ಮುಖದ ಮೇಲೆ ಬಂತು. ಡಾಕ್ಟರು ಕಿವಿಯ ಹತ್ತಿರ ಬಗ್ಗಿದರು. "ಈಗ ಹೇಳಿ. ನನ್ನ ಗೇಟು ಗೆರೆ ಒಳಗಿದೆಯೋ, ಹೊರಗಿದೆಯೋ?"

"ಆ... ಆಆ..."

"ಒಳಗೆ ಅಂದ್ರೆ ತಲೆ ಆಡ್ಸಿ ಸಾಕು."

ಆತಂಕದಲ್ಲಿ ಡಾಕ್ಟರ ಕೊಕ್ಕೆ ಎಲ್ಲಿಗೋ ತಗುಲಿತು. ನಕ್ಷಪ್ಪನ ತಲೆ ಮೇಲೆ ಕೆಳಗೆ ಜೋರಾಗಿ ಆಡಿತು.

"ಅಯ್ಯಯ್ಯೋ! ಎಷ್ಟು ಅಡಿ ಹೋಗುತ್ತೆ?"

ನೋವಿಗೆ ನಕ್ಷಪ್ಪನ ಎರಡೂ ಕೈಯ ಬೆರಳು ಬಿಚ್ಚಿಕೊಂಡು ಗಾಳಿಯಲ್ಲಿ ನಿಂತವು.

"ಹತ್ತಡಿ!" ಎಂದು ಡಾಕ್ಟರು ಚೀರಿದರು. ಆ ಚೀರಿನ ಜೊತೆಗೇ ಅವರ ಕೈ ಎಳೆಯಿತು, ಕೈಯ ಜೊತೆಗೆ ನಕ್ಷಪ್ಪನ ಅತ್ಯಂತ ಗಟ್ಟಿಮುಟ್ಟಾದ ದವಡೆಹಲ್ಲು ಬಂತು. ಡಾಕ್ಟರು ಅದನ್ನು ನೋಡಲೇ ಇಲ್ಲ. "ನನ್ನ ಹತ್ತಡಿ ಉಳಿಸಿ, ಆ ಬೇಕರಿಯವನ ಒಲೆಯಿಂದ ಹದಿನೈದಡಿ ತಗೊಳ್ಳಿ, ನಾನು ಸಾಕ್ಷಿ ಹೇಳ್ತೀನಿ" ಎನ್ನುತ್ತಾ ಬಾಯಿಗೆ ಹತ್ತಿ ತುಂಬಿ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ನಕ್ಷಪ್ಪ ಕೈಯಲ್ಲಿ ಕೆನ್ನೆ ಹಿಡಿದು ಮನೆ ಸೇರಿದ. ನೋವಿಗೆ ಆ ರಾತ್ರಿ ಆಟದ ಹಾಳೆ ನೋಡಲೂ ಆಗಲಿಲ್ಲ.

ಶುಕ್ರವಾರ ಸಂಜೆ ಅವನು ಕಚೇರಿಯಿಂದ ಬಂದಾಗ ಗಲ್ಲಿ ಗುರುತು ಸಿಗಲಿಲ್ಲ. ಬೇಕರಿಯವರು ಎರಡು ಬೆಂಚು, ಒಂದು ತಗಡಿನ ಚಪ್ಪರ ತಂದು ದಾರಿಗೆ ಇಳಿಸಿ, ಇವು ತಾತನ ಕಾಲದಿಂದ ಇಲ್ಲೇ ಇವೆ ಅನ್ನುತ್ತಿದ್ದರು. ತಗಡಿನ ಮೇಲೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಡಾಕ್ಟರು ಗೇಟಿನ ಮುಂದೆ ಸರಪಳಿ ಕಟ್ಟಿ, ಅದರಾಚೆ ರೋಗಿಗಳ ಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೇಷ್ಟ್ರ ಹೂಕುಂಡಗಳು ಅಂಗಳ ದಾಟಿ, ಚರಂಡಿ ದಾಟಿ, ಗಲ್ಲಿಯ ನಟ್ಟನಡುವಿಗೆ ಬಂದು ನಿಂತಿದ್ದವು. ಬೆಳಿಗ್ಗೆ ಬೇಕರಿಯವರೂ ಡಾಕ್ಟರೂ ಸೇರಿ ಮೇಷ್ಟ್ರ ವಿರುದ್ಧ ಕೈ ಕುಲುಕಿದ್ದರಂತೆ, ಮಧ್ಯಾಹ್ನ ಡಾಕ್ಟರೂ ಮೇಷ್ಟ್ರೂ ಸೇರಿ ಬೇಕರಿಯ ವಿರುದ್ಧ. ಈಗ ಯಾರಿಗೂ ಯಾರ ಮುಖ ಕಂಡರೂ ಆಗುತ್ತಿರಲಿಲ್ಲ.

ಮನೆಯೊಳಗೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ರೀ, ನೀವು ಗಲ್ಲಿ ಒಡೆಸ್ತಿದ್ದೀರಂತೆ. ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ?"

ಆಗ ನಕ್ಷಪ್ಪನಿಗೆ ಕೇಕು, ಹಲ್ಲು, ಕುಂಡ ಎಲ್ಲ ಒಟ್ಟಿಗೆ ಅರ್ಥವಾದವು. ಕೆನ್ನೆ ಹಿಡಿದುಕೊಂಡೇ ಕೆಳಗೆ ಓಡಿದ. "ಅಯ್ಯೋ ಮಹರಾಯರೇ, ಅದು ಆಟ! ಬರೀ ಆಟ! ಬೇರೆ ಬೇರೆ ದೇಶದವರು ಹಡಗಲ್ಲಿ ಹೋಗಿ ದ್ವೀಪ ಹಂಚ್ಕೊಳ್ಳೋ ಆಟ!"

ಮೇಷ್ಟ್ರು ಕೊಡೆಯ ತುದಿ ಅವನ ಎದೆಗೆ ತಾಗಿಸಿದರು. "ಯಾರದು ಆ ದ್ವೀಪ?"

"ಯಾರದೂ ಅಲ್ಲ ಮೇಷ್ಟ್ರೇ. ಸುಮ್ಮನೆ ಇರುತ್ತೆ."

"ಜನ ಇಲ್ವೋ ಅಲ್ಲಿ?"

"ಆಟದಲ್ಲಿ ಇಲ್ಲ."

"ಜನ ಇಲ್ಲದ ಕಡೆ ಸಕ್ಕರೆ ಯಾರಯ್ಯಾ ಬೆಳೀತಾರೆ? ತಮ್ಮದಲ್ಲದ ಜಾಗ, ಅಲ್ಲಿರೋರನ್ನ ಕೇಳದೆ, ಎಲ್ಲೋ ಕೂತ ನಾಲ್ಕು ಜನ ಗೆರೆ ಹಾಕಿ ಹಂಚ್ಕೊಂಡ್ರು ಅಂತೀಯಲ್ಲ, ನಂಬೋ ಮಾತೇನೋ ಇದು? ಆಯುಷ್ಯವೆಲ್ಲಾ ಚರಿತ್ರೆ ಪಾಠ ಮಾಡಿದ್ದೀನಿ ನಾನು!"

"ಆ ಹಾಳೆ ತಂದು ತೋರಿಸಲಿ" ಎಂದರು ಡಾಕ್ಟರು. "ಹೂಂ, ತೋರಿಸಲಿ" ಎಂದರು ಬೇಕರಿಯವರು. ಆ ವಾರದಲ್ಲಿ ಅವರಿಬ್ಬರೂ ಮನಸಾರೆ ಒಪ್ಪಿದ ಮಾತು ಅದೊಂದೇ.

ನಕ್ಷಪ್ಪ ಮೇಲೆ ಹೋಗಿ ಮಂಚದ ಕೆಳಗೆ, ಕಪಾಟಿನ ಹಿಂದೆ, ಅತ್ತೆಯ ಡಬ್ಬಿಗಳ ನಡುವೆ ಹುಡುಕಿದ. ಹಾಳೆ ಇಲ್ಲ.

"ನೆಲದ ಮೇಲೆ ಬಿದ್ದಿತ್ತು" ಎಂದಳು ಹೆಂಡತಿ. "ನಿಮ್ಮ ಆಫೀಸಿನ ಹಾಳೆಗಳ ಜೊತೆ ಸುತ್ತಿಟ್ಟೆ. ಬೆಳಿಗ್ಗೆ ನೀವೇ ತಗೊಂಡು ಹೋದ್ರಲ್ಲ."

ನಕ್ಷಪ್ಪನ ಜೀವ ಬಾಯಿಗೆ ಬಂತು. ಬಂದದ್ದು ಹಲ್ಲಿಲ್ಲದ ಜಾಗದಲ್ಲಿ ಕೂತುಬಿಟ್ಟಿತು.

ಇಲ್ಲಿ ಆ ಕಚೇರಿಯ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ನಕ್ಷೆಯ ಮೂಲೆಯಲ್ಲಿ ಚೌಕ ಇದ್ದರೆ ಹೆಡ್ ಗುಮಾಸ್ತರು ಸಹಿ ಹಾಕುತ್ತಾರೆ. ಮೇಲೆ ಇಂಜಿನಿಯರು ನೋಡುತ್ತಾರಲ್ಲ. ಇಂಜಿನಿಯರು ಸಹಿ ಹಾಕುತ್ತಾರೆ. ಕೆಳಗೆ ಹೆಡ್ ಗುಮಾಸ್ತರು ನೋಡಿದ್ದಾರಲ್ಲ. ಇಬ್ಬರು ನೋಡಿದ ಮೇಲೆ ದೊಡ್ಡ ಸಾಹೇಬರು ನೋಡುವುದು ಅವರಿಬ್ಬರಿಗೂ ಅವಮಾನ. ಹೀಗೆ ಪರಸ್ಪರ ಗೌರವದ ಮೇಲೆ ಆ ಊರಿನ ರಸ್ತೆಗಳೆಲ್ಲ ನಿಂತಿದ್ದವು. ಸಾಮಾನ್ಯವಾಗಿ ಹಾಳೆಗಳು ಟ್ರೇಯಲ್ಲಿ ತಿಂಗಳುಗಟ್ಟಲೆ ನಿದ್ದೆ ಹೊಡೆಯುತ್ತಿದ್ದವು. ಆದರೆ ಈ ಸಲ ಸಾಹೇಬರಿಗೆ ಭಾನುವಾರದ ಆಟಕ್ಕೆ ಮೊದಲು ಮೇಜು ಖಾಲಿಯಾಗಬೇಕಿತ್ತು.

ಶನಿವಾರ ನಕ್ಷಪ್ಪ ಕಚೇರಿಗೆ ಓಡಿದಾಗ ಟ್ರೇ ಖಾಲಿಯಿತ್ತು. "ಎಲ್ಲ ಆಗ್ಹೋಯ್ತು ಕಣಯ್ಯಾ" ಎಂದರು ಹೆಡ್ ಗುಮಾಸ್ತರು. "ನಿನ್ನೆ ಸಂಜೆ ಸಾಹೇಬರು ಒಂದೇ ಉಸಿರಲ್ಲಿ ಸಹಿ ಹೊಡೆದ್ರು. ಕಪಾಟಲ್ಲಿದೆ ನೋಡು."

ಕಪಾಟಿನಲ್ಲಿ ಮೇಲಿದ್ದ ಸುರುಳಿಯೇ ಅದು. ಬಿಚ್ಚಿದರೆ, ಸಮುದ್ರದ ಮೇಲೆ ಹೆಡ್ ಗುಮಾಸ್ತರ ಸಹಿ, ಇಂಜಿನಿಯರ ಸಹಿ, ದೊಡ್ಡ ಸಾಹೇಬರ ಸಹಿ. ಬೇಕರಿ ದ್ವೀಪದ ನೆತ್ತಿಯ ಮೇಲೆ ದುಂಡು ಮೊಹರು, "ಮಂಜೂರಾಗಿದೆ". ನಕ್ಷಪ್ಪ ಹಾಳೆಯನ್ನು ಸುತ್ತಿ ಎದೆಗವಚಿಕೊಂಡು ಬಾಗಿಲ ಕಡೆ ತಿರುಗುವಷ್ಟರಲ್ಲಿ ಜವಾನ ಬಂದು ನಿಂತ. "ಸಾಹೇಬರು ಕರೀತಿದ್ದಾರೆ. ನಿಮ್ಮ ಗಲ್ಲಿಯ ನಕ್ಷೆ ತರಬೇಕಂತೆ. ನಿಮ್ಮ ಗಲ್ಲಿಯವರು ಬಂದಿದ್ದಾರೆ."

ಕೋಣೆಯಲ್ಲಿ ಮೇಷ್ಟ್ರು, ಡಾಕ್ಟರು, ಬೇಕರಿಯವರು ಮೂರು ಮೂಲೆಯಲ್ಲಿ ಮೂರು ಕಡೆ ಮುಖ ಮಾಡಿ ನಿಂತಿದ್ದರು. ಸಾಹೇಬರು ಗಂಭೀರವಾಗಿ ಹೇಳುತ್ತಿದ್ದರು. "ನಮ್ಮ ಕಚೇರಿಯಲ್ಲಿ ಯಾವ ಯೋಜನೆಯನ್ನೂ ನಾನು ಖುದ್ದಾಗಿ ಪರಿಶೀ‌ಲಿಸದೆ ಮಂಜೂರು ಮಾಡೋದಿಲ್ಲ. ಎಲ್ಲಿ, ಬಿಚ್ಚಯ್ಯಾ."

ನಕ್ಷಪ್ಪ ಹಾಳೆಯ ಎರಡು ತುದಿ ಎರಡು ಮುಷ್ಟಿಯಲ್ಲಿ ಹಿಡಿದು ಬಿಚ್ಚಿದ. ಹಾಳೆ ಗಾಳಿಯಲ್ಲಿ ಪಟಪಟನೆ ನಡುಗಿತು. ಕೋಣೆಯಲ್ಲಿ ಗಾಳಿ ಇರಲಿಲ್ಲ.

"ಇಲ್ಲಿ ನೋಡಿ ಸ್ವಾಮಿ ನನ್ನ ಕುಂಡಗಳು!" ಎಂದು ಮೇಷ್ಟ್ರು ಕೊಡೆಯಿಂದ ತೋರಿಸಿದರು. "ಇದು ತಮ್ಮ ಸಹಿ ತಾನೇ?"

ಸಾಹೇಬರು ನೋಡಿದರು. ಉದ್ದನೆಯ ದ್ವೀಪ ನೋಡಿದರು, ಬಂದರು ನೋಡಿದರು, ಕತ್ತು ತಿರುಗಿಸಿ ಕಿಟಕಿಯ ಕಟ್ಟೆಯ ಮೇಲಿದ್ದ ಆಟದ ಪೆಟ್ಟಿಗೆ ನೋಡಿದರು, ಮತ್ತೆ ತಮ್ಮ ಸಹಿ ನೋಡಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಸುಣ್ಣ ಬಳಿದ ಗೋಡೆಯಾಯಿತು.

"ಸಾಹೇಬರೇ ಮಂಜೂರು ಮಾಡಿದ್ದಾರಲ್ಲ" ಎಂದು ಬಾಗಿಲಲ್ಲಿದ್ದ ಹೆಡ್ ಗುಮಾಸ್ತರು ಸಹಾಯಕ್ಕೆ ಬಂದರು.

"ನೀವೂ ಮಾಡಿದ್ದೀರಿ. ಬಂದು ಸ್ವಲ್ಪ ನೋಡಿ" ಎಂದರು ಸಾಹೇಬರು. ಹೆಡ್ ಗುಮಾಸ್ತರು ಬಂದು ನೋಡಿದರು. ತಕ್ಷಣ ಅವರಿಗೆ ಬೆನ್ನುನೋವು ಶುರುವಾಗಿ ಹೊರಟುಹೋದರು.

ಸಾಹೇಬರು ಗಂಟಲು ಸರಿಮಾಡಿಕೊಂಡು ಮೂವರಿಗೂ ಕೈ ಮುಗಿದರು. "ಈ ಯೋಜನೆ ಪುನರ್ಪರಿಶೀಲನೆಯಲ್ಲಿದೆ. ನೀವು ಮನೆಗೆ ಹೋಗಿ." ಅವರು ಹೋದ ಮೇಲೆ ತಾವೇ ಎದ್ದು ಬಾಗಿಲ ಚಿಲಕ ಹಾಕಿದರು.

"ಆಟ ಬರುತ್ತೆ ಅಂದ್ಯಲ್ಲೋ. ಬರೋನು ಯಾಕೋ ನಕಲು ಮಾಡ್ತಾನೆ?"

ಮಂಗಳವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಆಗ ಸಡಿಲಾಯಿತು. ಒಮ್ಮೆ ಸಡಿಲಾದದ್ದು ಮತ್ತೆ ನಿಲ್ಲಲಿಲ್ಲ. "ಗೊತ್ತಿಲ್ಲ ಸಾರ್" ಎಂದ ನಕ್ಷಪ್ಪ.

"ಕೊಡು ಅದನ್ನ ಇಲ್ಲಿ."

ನಕ್ಷಪ್ಪನಿಗೆ ಕೊಡಬೇಕು ಅಂತಲೇ ಇತ್ತು. ಆದರೆ ಭಯಕ್ಕೆ ಬೆರಳುಗಳು ಮರಗಟ್ಟಿದ್ದವು. ಸಾಹೇಬರು ಎಳೆದರು. ಹಾಳೆ ಬರಲಿಲ್ಲ. ಸರ್ಕಾರಿ ಮೊಹರು ಹರಿದೀತೆಂದು ಅವರೇ ಕೈಬಿಟ್ಟರು.

"ಓಹೋ" ಎಂದು ನಿಧಾನವಾಗಿ ಕೂತರು. "ಹೀಗೋ ವಿಷಯ. ಇದನ್ನ ಇಟ್ಕೊಂಡು ಏನು ಮಾಡಬೇಕೂಂತಿದ್ದೀಯ?"

"ಗೊತ್ತಿಲ್ಲ ಸಾರ್."

"ಮೇಲಿನ ಕಚೇರಿಗೆ ಕಳಿಸ್ತೀಯಾ?"

"ಗೊತ್ತಿಲ್ಲ ಸಾರ್."

"ಇನ್ನೊಂದು ನಕಲು ಇದೆಯಾ? ಎಲ್ಲಿದೆ?"

"ಗೊತ್ತಿಲ್ಲ ಸಾರ್" ಎಂದ ನಕ್ಷಪ್ಪ, ಕಣ್ಣಲ್ಲಿ ನೀರು ತುಂಬಿತ್ತು. ಸಾಹೇಬರಿಗೆ ಅದು ಮೊಸಳೆ ಕಣ್ಣೀರಾಗಿ ಕಂಡಿತು. ಅವರು ಹಣೆಯೊರೆಸಿಕೊಂಡು ಚಹಾದ ಕಲೆಯ ಫೈಲು ಎಳೆದು, ಬಿಚ್ಚಿ, ಹಿಂದಿನ ಸಾಹೇಬರುಗಳು ವರ್ಷಗಟ್ಟಲೆ ಹುಡುಕಿದರೂ ಸಿಗದಿದ್ದ ಸಹಿಯ ಜಾಗವನ್ನು ಕಣ್ಣು ಮಿಟುಕಿಸುವುದರಲ್ಲಿ ಹುಡುಕಿ ಸಹಿ ಹಾಕಿದರು. "ತಗೋ. ಖಾಯಂ. ಈಗ ಬಿಡು."

ಬೆರಳು ಬಿಡಲಿಲ್ಲ. ಈಗ ಸಂತೋಷಕ್ಕೆ ಮರಗಟ್ಟಿದ್ದವು.

"ಕಿಟಕಿ ಪಕ್ಕದ ಮೇಜು?" ಎಂದರು ಸಾಹೇಬರು. "ಫ್ಯಾನು? ಅಯ್ಯೋ, ಭಾನುವಾರ ಬರೋದೂ ಬೇಡ ಮಾರಾಯ, ನಿನ್ನಂಥೋನ ಜೊತೆ ಆಡೋ ಶಕ್ತಿ ನನಗಿಲ್ಲ! ಹಾಲೆಂಡು ಅಂದಾಗ್ಲೇ ನನಗೆ ಅನುಮಾನ ಬರಬೇಕಿತ್ತು."

ಭಾನುವಾರ ಬರಬೇಡ ಎಂಬ ಮಾತು ಕಿವಿಗೆ ಬಿದ್ದದ್ದೇ ನಕ್ಷಪ್ಪನ ಮೈಯೆಲ್ಲ ಹಗುರಾಗಿ ಹತ್ತು ಬೆರಳೂ ಒಟ್ಟಿಗೆ ತೆರೆದುಕೊಂಡವು. ಸಾಹೇಬರು ಹಾಳೆಯನ್ನು ಆಟದ ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದರು.

ಖಾಯಂ ಆದ ಮನುಷ್ಯ ಗಲ್ಲಿಗೆ ಬಂದಾಗ ಮೂವರೂ ಕುಂಡ, ಬೆಂಚು, ಸರಪಳಿಗಳ ನಡುವೆ ಕಾಯುತ್ತಿದ್ದರು. ನಕ್ಷಪ್ಪ ಕೈಯೆತ್ತಿ ಕೂಗಿದ. "ಎಲ್ಲ ರದ್ದಾಯ್ತು! ಯಾರದೂ ಒಂದು ಇಂಚೂ ಹೋಗಲ್ಲ! ನೆಮ್ಮದಿಯಾಗಿರಿ!"

ಕುಣಿಯುತ್ತಾರೆ ಅಂದುಕೊಂಡಿದ್ದ. ಮೂರು ಮುಖವೂ ಬಾಡಿದವು.

"ರದ್ದಾ?" ಎಂದರು ಬೇಕರಿಯವರು. "ಹಾಗಾದ್ರೆ ಡಾಕ್ಟರ ಅಂಗಳದಲ್ಲಿ ನನಗೆ ಬರಬೇಕಾಗಿದ್ದ ಭಾಗ?"

"ನಿನಗೆಲ್ಲಿಂದ ಬರಬೇಕಿತ್ತೋ? ನಿನ್ನ ಒಲೆ ಜಾಗದಲ್ಲಿ ನಾನು ಎಕ್ಸ್‌ರೇ ಕೋಣೆ ಮಾಡೋನಿದ್ದೆ!" ಎಂದರು ಡಾಕ್ಟರು.

"ಕುಂಡಗಳಿಗೆ ಅಲ್ಲಿ ಒಳ್ಳೇ ಬಿಸಿಲಿತ್ತು" ಎಂದು ಮೇಷ್ಟ್ರು ಡಾಕ್ಟರ ಗೇಟಿನ ಕಡೆ ನೋಡಿ ನಿಟ್ಟುಸಿರುಬಿಟ್ಟರು. ಆಮೇಲೆ ಮೂವರೂ ಒಟ್ಟಿಗೆ ನಕ್ಷಪ್ಪನ ಕಡೆ ತಿರುಗಿದ ರೀತಿ ನೋಡಿ ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ಸಂದಿಯಿಂದ ನೋಡಿದಳು. ಬೇಕರಿಯವರು ಕೇಕಿನ ಪೆಟ್ಟಿಗೆಯ ರಟ್ಟಿನ ಮೇಲೆ ತಾವೇ ಬರೆದ ನಕ್ಷೆ ಹಿಡಿದು ನಿಂತಿದ್ದರು. ಮೂಲೆಯ ಚೌಕ ಒಂದನ್ನು ಹಾಕಿಕೊಟ್ಟರೆ ಸಾಕಂತೆ. ಅವರ ಹಿಂದೆ ಒಂದು ಮೆಟ್ಟಿಲು ಕೆಳಗೆ ಡಾಕ್ಟರು, ಅವರ ಕೈಯಲ್ಲೂ ಒಂದು ಹಾಳೆ. ಅವರ ಹಿಂದೆ ಮೇಷ್ಟ್ರು, ಕೊಡೆಯೊಳಗೆ ಏನನ್ನೋ ಸುತ್ತಿಕೊಂಡು. ಮೂರು ನಕ್ಷೆಯಲ್ಲೂ ಬರೆದವರ ಮನೆ ಮಾತ್ರ ದೊಡ್ಡದಾಗಿತ್ತು.

"ನಾನಿಲ್ಲ ಅನ್ನು" ಎಂದು ನಕ್ಷಪ್ಪ ಖಾಯಂ ಆದೇಶವನ್ನು ಎದೆಗವಚಿಕೊಂಡು ಮಂಚದ ಕೆಳಗೆ ತೂರಿದ.

ಅತ್ತೆ ಮಂಡಿಯ ಮೇಲೆ ಕೈಯೂರಿ ಎದ್ದಳು, ತಾನೇ ಹೋಗಿ ಬಾಗಿಲನ್ನು ಅಗಲಕ್ಕೆ ತೆರೆದಳು. ಕಂಕುಳಲ್ಲಿ ಗುಂಡಿಯ ಡಬ್ಬಿ ಇತ್ತು.

"ಬನ್ನಿ, ಕೂತ್ಕೊಳ್ಳಿ" ಎಂದಳು. "ಕೆಂಪು ನನ್ನದು. ನಿಮಗೆ ಯಾವ ಬಣ್ಣ ಬೇಕು?"